ನಿವೃತ್ತಿಯ ನಂತರ ಚಿಯಾಂಗ್ ಮಾಯ್‌ನಲ್ಲಿ ಇರಬಹುದಾ? ಅಲ್ಲಿ ಇರುವವರು, ಇದ್ದು ಬಂದವರು ದಯವಿಟ್ಟು ಹೇಳಿ

ಸರಸ್ವತಿಪುರಂ:
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಯಜಮಾನರು ರಾಜ್ಯ ಸರ್ಕಾರದ ಕೆಲಸದಿಂದ ನಿವೃತ್ತರಾಗಿದ್ದಾರೆ, ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಬರುವ ಜೂನ್‌ಗೆ ನನ್ನದೂ ಮುಗಿಯುತ್ತೆ. ಅವರಿಗೆ 63, ನನಗೆ 60. ಮಕ್ಕಳಿಬ್ಬರೂ ಅಮೆರಿಕದಲ್ಲಿ. ಹೋಗಿ ಆರು ತಿಂಗಳು ಮೊಮ್ಮಕ್ಕಳನ್ನು ನೋಡಿಕೊಂಡು ಬರೋದು ಸರಿ, ಅಲ್ಲೇ ಇರೋದು ನಮ್ಮಿಬ್ಬರಿಗೂ ಒಗ್ಗಲಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ಗೆ ಹೋಗಿದ್ದೆವು. ಊರು ಮನಸ್ಸಿಗೆ ಹಿಡಿಸಿಬಿಟ್ಟಿತು. ಬೆಳಿಗ್ಗೆ ಸ್ವೆಟರ್ ಹಾಕುವಷ್ಟು ಚಳಿ, ಹಳೇ ಕೋಟೆಯ ಕಂದಕದ ಪಕ್ಕ ವಾಕಿಂಗ್, ಬೆಟ್ಟದ ಮೇಲೆ ದೇವಸ್ಥಾನ, ಜನರೂ ಮೆತ್ತಗೆ ಮಾತಾಡುವವರು. ಅಲ್ಲೇ ಒಂದು ಫ್ಲ್ಯಾಟ್ ಬಾಡಿಗೆಗೆ ಹಿಡಿದು ಇದ್ದುಬಿಡೋಣ ಅಂತ ಯಜಮಾನರ ಆಸೆ. ಇಬ್ಬರ ಪೆನ್ಶನ್ ಸೇರಿ ತಿಂಗಳಿಗೆ ಒಂದು ಲಕ್ಷದ ಹತ್ತಿರ ಬರುತ್ತೆ, ಸ್ವಲ್ಪ ಉಳಿತಾಯವಿದೆ. ನಾವು ಸಸ್ಯಾಹಾರಿಗಳು. ಅವರಿಗೆ ಶುಗರ್ ಇದೆ, ಇನ್ಸುಲಿನ್ ತಗೋತಾರೆ. ನನಗೆ ಮಂಡಿನೋವು. ವೀಸಾ, ಖರ್ಚು, ಆಸ್ಪತ್ರೆ, ಊಟ, ಏನೇ ಗೊತ್ತಿದ್ದರೂ ಬರೆಯಿರಿ.

ಪಿಂಗ್‌ ನದಿ ದಂಡೆ:
ನಮಸ್ಕಾರ ಮೇಡಂ. ನಾನು, ನಮ್ಮನೆಯವರು ಇಬ್ಬರೂ 2018ರಿಂದ ಇಲ್ಲೇ ಇದ್ದೇವೆ. ನೀವು ನೋಡಿರೋದು ಡಿಸೆಂಬರ್‌ನ ಚಿಯಾಂಗ್ ಮಾಯ್. ಮಾರ್ಚ್‌ದು ಬೇರೆಯೇ ಊರು, ಅದನ್ನು ಮೊದಲು ಹೇಳಿಬಿಡ್ತೀನಿ.

ಫೆಬ್ರವರಿ ಅರ್ಧ ಕಳೆದ ಮೇಲೆ ಏಪ್ರಿಲ್‌ನ ಮಳೆ ಬೀಳೋವರೆಗೂ ಇಲ್ಲಿ ಹೊಗೆ. ಸುತ್ತಲಿನ ಗುಡ್ಡಗಾಡಿನಲ್ಲಿ ಮೆಕ್ಕೆಜೋಳದ ಕೂಳೆ ಸುಡ್ತಾರೆ, ಕಾಡಿಗೂ ಬೆಂಕಿ ಬೀಳುತ್ತೆ, ಮ್ಯಾನ್ಮಾರ್, ಲಾವೋಸ್ ಕಡೆಯ ಹೊಗೆಯೂ ಇತ್ತ ಬರುತ್ತೆ. ಊರು ಬಾಣಲೆಯ ತಳದಲ್ಲಿದ್ದ ಹಾಗೆ, ಸುತ್ತ ಬೆಟ್ಟ, ಗಾಳಿ ಆಡೋದಿಲ್ಲ. ನೀವು ಹತ್ತಿ ಬಂದ ದೋಯಿ ಸುತೇಪ್ ಬೆಟ್ಟ ಆಗ ಊರಿನಿಂದ ಕಣ್ಣಿಗೇ ಬೀಳಲ್ಲ. ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ದಿನದ ಪಟ್ಟಿಯಲ್ಲಿ ನಮ್ಮೂರು ಮೊದಲನೇ ಸಾಲಿಗೆ ಬರೋದು ಆಗಲೇ. ಬಾಗಿಲು ಕಿಟಕಿ ಹಾಕಿಕೊಂಡು, ಗಾಳಿ ಶುದ್ಧ ಮಾಡೋ ಹೆಪಾ ಫಿಲ್ಟರ್ ಮಷೀನ್ ಹಗಲೂ ರಾತ್ರಿ ಓಡಿಸ್ಕೊಂಡು ಒಳಗೇ ಕೂತಿರಬೇಕು. ನಾವಂತೂ ಆಗ ಊರಿಗೆ ಬಂದುಬಿಡ್ತೇವೆ, ಯುಗಾದಿ ಮುಗಿಸ್ಕೊಂಡು ವಾಪಸ್. ಬರೋಕೆ ಜಾಗ ಬೇಕಲ್ಲ, ಹಾಗಾಗಿ ಮೈಸೂರಿನ ಮನೆ ಮಾರೋ ಯೋಚನೆ ಇದ್ದರೆ ಈಗಲೇ ಬೇಡ.

ಇನ್ನು ವೀಸಾ. 50 ದಾಟಿದವರಿಗೆ ನಿವೃತ್ತಿ ಆಧಾರದ ಮೇಲೆ ವರ್ಷ ವರ್ಷ ವಿಸ್ತರಣೆ ಕೊಡ್ತಾರೆ. ಒಂದೋ ತಿಂಗಳಿಗೆ 65,000 ಬಾತ್ (ಇಲ್ಲಿಯ ದುಡ್ಡು) ಆದಾಯ ತೋರಿಸಬೇಕು, ಇಲ್ಲಾ ಇಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು. ನಮ್ಮಂಥ ರೂಪಾಯಿ ಪೆನ್ಶನ್‌ದಾರರಿಗೆ ಎರಡನೆಯದೇ ದಾರಿ. ದುಡ್ಡು ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿರಬೇಕು, ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು ಮುಟ್ಟೋ ಹಾಗಿಲ್ಲ, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ವರ್ಷದ ಫೀಸು 1,900 ಬಾತ್. 90 ದಿನಕ್ಕೊಮ್ಮೆ ನಾನು ಇದೇ ವಿಳಾಸದಲ್ಲಿದ್ದೀನಿ ಅಂತ ವರದಿ ಕೊಡಬೇಕು, ಮರೆತರೆ 2,000 ಬಾತ್ ದಂಡ. ದೇಶ ಬಿಟ್ಟು ಹೋಗೋ ಮುಂಚೆ ರೀ-ಎಂಟ್ರಿ ಪರ್ಮಿಟ್ ಮಾಡಿಸಲೇಬೇಕು, ಒಂದು ಸಲಕ್ಕೆ 1,000, ವರ್ಷಕ್ಕೆ ಎಷ್ಟು ಸಲವಾದರೂ ಹೋಗಿಬರೋಕೆ 3,800. ಅದಿಲ್ಲದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲಿಗೆ ರದ್ದು, ಮತ್ತೆ ಮೊದಲಿನಿಂದ ಶುರು. ಈ ವೀಸಾದಲ್ಲಿ ಯಾವ ಕೆಲಸವನ್ನೂ ಮಾಡೋ ಹಾಗಿಲ್ಲ. ಭಾರತದಿಂದಲೇ ಓ-ಎ ಅನ್ನೋ ನಿವೃತ್ತಿ ವೀಸಾ ಮಾಡಿಸ್ಕೊಂಡು ಬರೋ ದಾರಿಯೂ ಇದೆ, ಅದಕ್ಕೆ ಆರೋಗ್ಯ ವಿಮೆ ಕಡ್ಡಾಯ.

ಮಂಡಿನೋವು ಅಂದ್ರಲ್ಲ, ಅದರ ಬಗ್ಗೆ ಯಾರೂ ಬರೆಯಲ್ಲ. ಇಲ್ಲಿ ಓಡಾಟಕ್ಕೆ ಕೆಂಪು ಸಾಂಗ್‌ಥಾವ್, ಅಂದರೆ ಹಿಂದೆ ಎದುರುಬದುರು ಎರಡು ಬೆಂಚು ಹಾಕಿರೋ ಪಿಕಪ್ ಗಾಡಿ. ಹಿಂಬದಿಯ ಕಬ್ಬಿಣದ ಮೆಟ್ಟಿಲು ಎತ್ತರ, ಕಂಬಿ ಹಿಡಿದು ಮೈ ಎಳ್ಕೊಂಡು ಹತ್ತಬೇಕು, ತಲೆ ಬಗ್ಗಿಸ್ಕೊಂಡೇ ಒಳಗೆ ಹೋಗಬೇಕು. ಇಳಿಯೋ ಜಾಗ ಬಂದಾಗ ಚಾವಣಿಯ ಗುಂಡಿ ಒತ್ತಿ, ಕೆಳಗಿಳಿದು, ಡ್ರೈವರ್ ಕಿಟಕಿ ಹತ್ತಿರ ಹೋಗಿ ದುಡ್ಡು ಕೊಡಬೇಕು. ನಮ್ಮನೆಯವರು ಒಂದು ವರ್ಷ ಓಡಾಡಿ ಬಿಟ್ಟುಬಿಟ್ಟರು, ಈಗ ಆ್ಯಪ್‌ನಲ್ಲಿ ಕಾರು. ಕಂದಕದ ಪಕ್ಕದ ಫುಟ್‌ಪಾತ್ ಚೆನ್ನಾಗಿದೆ, ಒಳಗಿನ ಗಲ್ಲಿಗಳಲ್ಲಿ ಫುಟ್‌ಪಾತೇ ಇಲ್ಲ.

ಖರ್ಚು: ನಮ್ಮಿಬ್ಬರಿಗೆ ಬಾಡಿಗೆ ಸೇರಿ ತಿಂಗಳಿಗೆ 45,000 ಬಾತ್ ಆಸುಪಾಸು. ಹಗುರ ಅಂತ ಅಂದುಕೊಳ್ಳಬೇಡಿ, ರೂಪಾಯಿಗೆ ಲೆಕ್ಕ ಹಾಕಿ ನೋಡಿ. ಮನೆ ನೋಡುವಾಗ ನದಿಯ ಪಕ್ಕ ಬೇಡ. 2024ರ ಅಕ್ಟೋಬರ್‌ನಲ್ಲಿ ಪಿಂಗ್ ನದಿ ಉಕ್ಕಿ ನೈಟ್ ಬಜಾರ್ ಕಡೆಯೆಲ್ಲ ನೀರು ನುಗ್ಗಿತ್ತು.

ಊಟದ ಚಿಂತೆ ಬೇಡ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಅಂತ ಬರೆದಿರೋ ಅಂಗಡಿ ಹುಡುಕಿ. ಅಲ್ಲಿ ಮೀನಿನ ಸಾಸ್ ಇರಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ. ಬೇರೆ ಕಡೆ ಬರೀ ತರಕಾರಿ ಅಂತ ಹೇಳಿದ್ರೂ ಮೀನಿನ ಸಾಸ್ ಬಿದ್ದೇ ಬಿದ್ದಿರುತ್ತೆ. ವಾರೊರೊಟ್ ಮಾರುಕಟ್ಟೆಯಲ್ಲಿ ನುಗ್ಗೆಕಾಯಿ, ಬಾಳೆಹೂವು, ತೆಂಗಿನಕಾಯಿ, ಕರಿಬೇವು ಎಲ್ಲಾ ಸಿಗುತ್ತೆ. ರಾಗಿಹಿಟ್ಟು, ಹುಳಿಪುಡಿ ಮಾತ್ರ ಊರಿಂದ.

ಧಾರವಾಡ ಮಾಸ್ತರ:
ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಕ್ಕಳು ಅಮೆರಿಕಾದಾಗ, ನೀವು ಥಾಯ್ಲೆಂಡಿನಾಗ, ಮೈಸೂರಾಗ ಮನಿಗೆ ಕೀಲಿ. ವಯಸ್ಸಾದ ಮ್ಯಾಲೆ ಬೇಕಾಗೋದು ಮಂದಿ. ಬಾಜೂ ಮನಿಯವರು, ಅಣ್ಣತಮ್ಮರ ಮಕ್ಕಳು, ಬೆಳಿಗ್ಗೆ ಹಾಲು ಕೊಡಾಕ ಬರಾಂವ ಸೈತ ಎರಡು ದಿನ ಕಾಣಲಿಲ್ಲಂದ್ರ ಬಾಗಿಲಾ ಬಡೀತಾನ. ಅಲ್ಲಿ ನಿಮ್ಮ ಬಾಗಿಲಾ ಬಡಿಯೋರು ಯಾರ್ರಿ? ಹವಾ, ರಸ್ತೆ, ಗುಡ್ಡ ನೋಡಿ ಊರು ಬಿಡೋದು ನನಗೇನ ಸರಿ ಅನಸವಲ್ದು.

ಸರಸ್ವತಿಪುರಂ:
ಸಿಟ್ಟು ಯಾಕೆ ಸರ್, ನೀವು ಹೇಳಿದ ಬೀದಿಯಲ್ಲೇ ನಾನೂ ಬೆಳೆದವಳು. ಈಗ ನಮ್ಮ ಬೀದಿಯಲ್ಲಿ ಅರ್ಧ ಮನೆಗಳು ಪಿ.ಜಿ. ಆಗಿವೆ, ಇನ್ನರ್ಧದಲ್ಲಿ ನಮ್ಮ ಹಾಗೇ ಇಬ್ಬಿಬ್ಬರು ವಯಸ್ಸಾದವರು. ಹೋದ ವರ್ಷ ಎದುರು ಮನೆಯ ಅಜ್ಜಿ ಬಿದ್ದಾಗ ಎತ್ತೋಕೆ ಬಂದವರೆಲ್ಲ ಅರವತ್ತು ದಾಟಿದವರೇ. ಹಾಲು ಆ್ಯಪ್‌ನಿಂದ ಬರುತ್ತೆ, ತಂದವರ ಮುಖ ನೋಡಿಲ್ಲ. ಇಲ್ಲಿ ಎಲ್ಲರೂ ಇದ್ದಾರೆ ಅನ್ನೋ ಧೈರ್ಯ ನನಗಿಲ್ಲ.

ಪಿಂಗ್‌ ಅವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. 8 ಲಕ್ಷ ಬಾತ್ ಒಬ್ಬರ ಹೆಸರಲ್ಲಿ ಸಾಕಾ, ಇಬ್ಬರದ್ದೂ ಬೇಕಾ? ಯಜಮಾನರ ಹೆಸರಲ್ಲಿಟ್ಟು ನಾನು ಅವರ ಅವಲಂಬಿತಳಾಗಿ ಇರಬಹುದು ಅಂತ ಒಬ್ಬರು ಹೇಳಿದರು.

ಲೆಕ್ಕದ ಪುಸ್ತಕ:
ನಾನು ಸಿಎ, ಅನಿವಾಸಿಗಳ ಫೈಲುಗಳೇ ಜಾಸ್ತಿ ನೋಡೋದು. ದುಡ್ಡಿನ ಕಡೆಯಿಂದ ಒಂದಿಷ್ಟು.

8 ಲಕ್ಷ ಬಾತ್ ಅಂದರೆ ಇವತ್ತು 20 ಲಕ್ಷ ರೂಪಾಯಿಗೂ ಮೇಲೆ. ನೀವು ಇನ್ನೂ ನಿವಾಸಿಗಳಾಗಿರುವಾಗ, ವಿದೇಶಕ್ಕೆ ದುಡ್ಡು ಕಳಿಸೋಕೆ ಇರೋ ರಿಸರ್ವ್ ಬ್ಯಾಂಕ್ ಸೌಲಭ್ಯವಾದ ಎಲ್‌ಆರ್‌ಎಸ್ ಅಡಿಯಲ್ಲಿ ಕಳಿಸಬಹುದು, ತಲಾ ವರ್ಷಕ್ಕೆ 2,50,000 ಡಾಲರ್ ಮಿತಿ ಇರೋದರಿಂದ ಅದಕ್ಕೆ ಅಡ್ಡಿಯಿಲ್ಲ. ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತೆ. ಅದು ಹೋದ ದುಡ್ಡಲ್ಲ, ರಿಟರ್ನ್ಸ್‌ನಲ್ಲಿ ವಾಪಸ್ ಬರುತ್ತೆ. ಆದರೆ ಅಲ್ಲಿಯವರೆಗೆ ಕೈಯಲ್ಲಿ ಇರಲ್ಲ, ಆದ್ದರಿಂದ ಮಾರ್ಚ್‌ನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಕಳಿಸಿ. ಇಬ್ಬರ ಹೆಸರಿನಿಂದ ಬೇರೆ ಬೇರೆಯಾಗಿ ಕಳಿಸಿದರೆ ಇಬ್ಬರಿಗೂ ತಲಾ 10 ಲಕ್ಷದ ರಿಯಾಯಿತಿ ಸಿಗುತ್ತೆ.

ಅಲ್ಲೇ ನೆಲೆಸೋದು ಅಂತ ಹೋದ ಮೇಲೆ ಉಳಿತಾಯ ಖಾತೆ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಆಗಬೇಕು. ಇಷ್ಟು ದಿನ ಬ್ಯಾಂಕಿಗೆ ‘ನನಗೆ ತೆರಿಗೆ ಬರಲ್ಲ’ ಅನ್ನೋ ಫಾರಂ (ಹಿಂದಿನ 15ಎಚ್) ಕೊಟ್ಟು ಎಫ್‌ಡಿ ಬಡ್ಡಿಗೆ ಟಿಡಿಎಸ್ ತಪ್ಪಿಸಿಕೊಳ್ಳುತ್ತಿದ್ದರೆ ಅದು ನಿಂತುಹೋಗುತ್ತೆ, ಅದು ನಿವಾಸಿಗಳಿಗೆ ಮಾತ್ರ. ಎನ್‌ಆರ್‌ಒ ಬಡ್ಡಿಗೆ 30%ಕ್ಕೂ ಮೇಲೆ ಕಡಿತ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ದುಡ್ಡು ಹಾಕೋ ಹಾಗಿಲ್ಲ.

ಥಾಯ್ಲೆಂಡ್ ಕಡೆಯಲ್ಲಿ 2024ರ ಜನವರಿ 1ರಿಂದ ನಿಯಮ ಬಿಗಿಯಾಗಿದೆ. ವರ್ಷದಲ್ಲಿ 180 ದಿನ ಅಲ್ಲಿದ್ದವರು ಹೊರಗಿನ ಆದಾಯವನ್ನು ಒಳಗೆ ತಂದರೆ ಅದು ತೆರಿಗೆ ಲೆಕ್ಕಕ್ಕೆ ಬರುತ್ತೆ. ಎರಡು ದೇಶಗಳ ನಡುವೆ ಒಪ್ಪಂದ ಇದೆ, 65 ದಾಟಿದವರಿಗೆ ಅಲ್ಲಿ 1,90,000 ಬಾತ್ ವಿನಾಯಿತಿಯೂ ಇದೆ. ನಿಮ್ಮ ಮೊತ್ತಕ್ಕೆ ದೊಡ್ಡ ಹೊರೆ ಆಗಲಿಕ್ಕಿಲ್ಲ, ಆದರೆ ಯಾವ ದುಡ್ಡು ಯಾವ ವರ್ಷದ್ದು ಅನ್ನೋ ಬ್ಯಾಂಕ್ ಕಾಗದ ಜೋಪಾನವಾಗಿರಲಿ.

ನಾನು ನಿಜವಾಗಿ ಹೆದರೋದು ವಿನಿಮಯ ದರಕ್ಕೆ. 2015ರ ಹೊತ್ತಿಗೆ ಒಂದು ಬಾತ್‌ಗೆ ಎರಡು ರೂಪಾಯಿಗಿಂತ ಕಡಿಮೆ ಕೊಡ್ತಿದ್ದೆವು, ಈಗ ಎರಡೂವರೆ ದಾಟಿದೆ. ಅಲ್ಲಿ ನಿವೃತ್ತಿ ಕಳೆಯೋ ಯುರೋಪಿನವರ ಯೂಟ್ಯೂಬ್ ಲೆಕ್ಕ ನಮಗೆ ಹೊಂದಲ್ಲ, ಅವರ ಪೆನ್ಶನ್ ಯೂರೋದಲ್ಲಿ ಬರೋದು. ನಿಮ್ಮ ತುಟ್ಟಿಭತ್ಯೆ ಏರೋದು ಇಲ್ಲಿನ ಬೆಲೆ ನೋಡಿ, ನೀವು ಖರ್ಚು ಮಾಡೋದು ಅಲ್ಲಿನ ಬೆಲೆಗೆ. ಒಂದು ಲಕ್ಷ ಪೆನ್ಶನ್ನಿಗೆ ಪಿಂಗ್‌ ಅವರು ಹೇಳಿದ 45,000 ಬಾತ್ ಈಗಲೇ ಮುಟ್ಟಲ್ಲ ಮೇಡಂ, ಪ್ರತಿ ತಿಂಗಳೂ ಉಳಿತಾಯಕ್ಕೆ ಕೈ ಹಾಕಬೇಕಾಗುತ್ತೆ.

ಕುಡ್ಲ ಟು ಪೆನಾಂಗ್:
ಮಲೇಷ್ಯಾದ ಪೆನಾಂಗ್ ಯಾರೂ ಹೇಳ್ಲೇ ಇಲ್ಲ ಅಲ್ವಾ, ನಾನು ಹೇಳ್ತೇನೆ. ಇಂಗ್ಲಿಷ್ ಎಲ್ಲಾ ಕಡೆ ನಡೀತದೆ, ಡಾಕ್ಟರ್ ಹತ್ರ ಹೊಟ್ಟೆನೋವು ಅಂತ ಹೇಳ್ಲಿಕ್ಕೆ ದುಭಾಷಿ ಬೇಡ. ಜಾರ್ಜ್ ಟೌನಿನ ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ, ವಡೆ, ಬಾಳೆಲೆ ಊಟ ಉಂಟು. ಕ್ವೀನ್ ಸ್ಟ್ರೀಟಿನ ಮಾರಿಯಮ್ಮನ ದೇವಸ್ಥಾನ 1833ರದ್ದು, ತೈಪೂಸಂ ಹಬ್ಬಕ್ಕೆ ಊರಲ್ಲಿ ಲಕ್ಷಾಂತರ ಜನ ಸೇರ್ತಾರೆ. ಆಸ್ಪತ್ರೆಗಳು ಒಳ್ಳೆಯದು, ಸುಮಾತ್ರದಿಂದ ಚಿಕಿತ್ಸೆಗೆಂತಲೇ ಇಲ್ಲಿಗೆ ಬರ್ತಾರೆ. ಪ್ರತಿ ವರ್ಷ ಹೊಗೆ ಇಲ್ಲ, 2015, 2019ರ ಹಾಗೆ ಕೆಲವು ವರ್ಷ ಇಂಡೋನೇಷ್ಯಾ ಕಡೆಯಿಂದ ಬರ್ತದೆ.

ಆದ್ರೆ ಮಾರಾಯ್ರೆ, ಇಲ್ಲಿ ತುಂಬಾ ವರ್ಷ ಇರ್ಲಿಕ್ಕೆ ಬೇಕಾದ ಎಂಎಂ2ಎಚ್ ವೀಸಾ 2024ರಿಂದ ದುಬಾರಿ. ಸಿಲ್ವರ್ ದರ್ಜೆಗೇ 1,50,000 ಡಾಲರ್ ಠೇವಣಿ, ಮೇಲಿಂದ ಕನಿಷ್ಠ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು, ಹತ್ತು ವರ್ಷ ಮಾರುವಂತಿಲ್ಲ. ಮಂಗಳೂರಿನಲ್ಲಿ ಒಂದು ಜಾಗ ಮಾರಿ ಬಂದವರಿಗೆ ಆದೀತು, ಪೆನ್ಶನ್ ನಂಬಿದವರಿಗೆ ಕಷ್ಟ.

ಹಿರಿಮಗಳು:
ಸರಸ್ವತಿಪುರಂ ಮೇಡಂ, ಒಬ್ಬರ ಹೆಸರಲ್ಲಿ ಸಾಕಾ ಅಂತ ಕೇಳಿದ್ದೀರಿ. ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡಬೇಕು ಅನ್ನಿಸಿತು.

ನಮ್ಮ ಅಪ್ಪ ಅಮ್ಮ ಅದೇ ಊರಲ್ಲಿದ್ದರು. ವೀಸಾ ಅಪ್ಪನದು, ಅಮ್ಮ ಅವಲಂಬಿತೆ. ಬ್ಯಾಂಕ್ ಖಾತೆ ಅಪ್ಪನ ಒಬ್ಬರದೇ ಹೆಸರಲ್ಲಿ, ವಿಸ್ತರಣೆಗೆ ಹಾಗೇ ಇರಬೇಕು. ಮನೆ ಅಗ್ರಿಮೆಂಟ್, ಕರೆಂಟ್ ಬಿಲ್, ಬ್ಯಾಂಕ್ ಆ್ಯಪ್, ಎಲ್ಲಾ ಅಪ್ಪನ ಫೋನಿನಲ್ಲಿ. ಅಪ್ಪ ಒಂದು ರಾತ್ರಿ ಹೃದಯಾಘಾತದಿಂದ ಹೋದರು.

ಪಕ್ಕದ ಮನೆಯ ಥಾಯ್ ಹೆಂಗಸು ಅಮ್ಮನ ಕೈ ಹಿಡಿದುಕೊಂಡು ಬೆಳಗಿನವರೆಗೆ ಕೂತಿದ್ದರಂತೆ. ಮಾಸ್ತರೇ, ಬಾಗಿಲು ಬಡಿಯೋರು ಅಲ್ಲೂ ಇದ್ದಾರೆ. ಕಷ್ಟ ಶುರುವಾದದ್ದು ಆಮೇಲೆ. ಆಸ್ಪತ್ರೆಯ ಕಾಗದ, ಪೊಲೀಸರದು, ಜಿಲ್ಲಾ ಕಚೇರಿಯ ಮರಣ ಪತ್ರ ಥಾಯ್ ಭಾಷೆಯಲ್ಲಿ, ಅದರ ಅನುವಾದ, ನಮ್ಮ ಕಾನ್ಸುಲೇಟಿನ ಪತ್ರ. ಚಿಯಾಂಗ್ ಮಾಯ್‌ನಲ್ಲೇ ಭಾರತದ ಕಾನ್ಸುಲೇಟ್ ಇರೋದು ದೊಡ್ಡ ಉಪಕಾರವಾಯಿತು. ದಹನ ಅಲ್ಲಿಯ ವಾಟ್ (ಬೌದ್ಧ ದೇವಾಲಯ) ಒಂದರಲ್ಲೇ ಮಾಡಿದೆವು. ಭಿಕ್ಷುಗಳು ತಮ್ಮ ಮಂತ್ರ ಹೇಳಿದರು, ನಾವು ನಮ್ಮದು ಹೇಳಿಕೊಂಡೆವು. ಅಸ್ಥಿ ತಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು.

ಬ್ಯಾಂಕಿಗೆ ವಿಷಯ ತಿಳಿದ ದಿನವೇ ಖಾತೆ ಸ್ಥಗಿತ. ಅಲ್ಲಿನ ಕೋರ್ಟು ಆಸ್ತಿಗೆ ಆಡಳಿತಗಾರರನ್ನು ನೇಮಿಸೋವರೆಗೆ ಒಂದು ಬಾತ್ ಕೂಡ ತೆಗೆಯೋ ಹಾಗಿಲ್ಲ. ಅಪ್ಪನ ಕಾರ್ಡ್‌ನಿಂದ ಎಟಿಎಂನಲ್ಲಿ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಅಪರಾಧ. ಅತ್ತ ಅಪ್ಪನ ವೀಸಾ ಮೇಲೆ ನಿಂತಿದ್ದ ಅಮ್ಮನ ವೀಸಾಕ್ಕೂ ಆಧಾರವಿಲ್ಲ. ದುಡ್ಡು ಅಲ್ಲಿ ಸಿಕ್ಕಿಕೊಂಡಿದೆ, ಅದನ್ನು ಬಿಡಿಸಬೇಕಾದ ಅಮ್ಮನಿಗೆ ಅಲ್ಲಿ ಇರೋ ಹಕ್ಕೇ ಇಲ್ಲ. ಮನೆ ಖಾಲಿ ಮಾಡೋಕೆ, ಅಪ್ಪನ ಪುಸ್ತಕ ಬಟ್ಟೆ ವಿಲೇವಾರಿ ಮಾಡೋಕೆ ಸಿಕ್ಕಿದ್ದು ಸ್ವಲ್ಪವೇ ದಿನ. ನಲವತ್ತು ವರ್ಷ ಜೊತೆಗಿದ್ದವರು ಹೋದಾಗ ಅಳೋಕೂ ಬಿಡುವಿಲ್ಲದೆ ಅಮ್ಮ ಕಚೇರಿಗಳ ಸಾಲಲ್ಲಿ ನಿಂತಿದ್ದರು.

ಅದಕ್ಕೇ ಹೇಳೋದು, ಇಬ್ಬರೂ 50 ದಾಟಿದವರು, ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಿ. ಇಬ್ಬರಿಗೂ ಬೇರೆ ಬೇರೆ ಖಾತೆ ಇರಲಿ, ಒಂದೊಂದರಲ್ಲೂ 8 ಲಕ್ಷ ಬಾತ್ ಇರಲಿ. ಅಷ್ಟು ದುಡ್ಡು ಹೊಂದಿಸೋಕೆ ಆಗಲ್ಲ ಅಂದರೆ ಅಲ್ಲಿ ನೆಲೆಸೋ ಯೋಚನೆ ಬಿಟ್ಟು ಚಳಿಗಾಲಕ್ಕೆ ಹೋಗಿಬನ್ನಿ. ಅಲ್ಲಿನ ಆಸ್ತಿಗೆ ಅಲ್ಲಿನ ವಕೀಲರ ಹತ್ತಿರ ಬೇರೆ ವಿಲ್ ಬರೆಸಿ, ಥಾಯ್ ಮತ್ತು ಇಂಗ್ಲಿಷ್ ಎರಡರಲ್ಲೂ, ಇಬ್ಬರು ಸಾಕ್ಷಿಗಳ ಎದುರು. ಕೋರ್ಟಿಗೆ ಹೋಗೋದು ತಪ್ಪಲ್ಲ, ಆದರೆ ದಾರಿ ಸಲೀಸಾಗುತ್ತೆ. ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರೂ ಇರಲಿ.

ಧಾರವಾಡ ಮಾಸ್ತರ:
ತಂಗಿ, ಓದಿ ಮನಸಿಗೆ ಭಾಳ ಬ್ಯಾಸರಾತು. ನಿಮ್ಮ ತಾಯಿಯವರು ಈಗ ಹ್ಯಾಂಗದಾರ?

ಹಿರಿಮಗಳು:
ತುಮಕೂರಿನಲ್ಲಿ ನಮ್ಮ ಜೊತೆಗಿದ್ದಾರೆ ಸರ್. ಆರೋಗ್ಯವಾಗಿದ್ದಾರೆ. ಅಲ್ಲಿನ ಐದು ವರ್ಷ ತನ್ನ ಜೀವನದ ಒಳ್ಳೆ ವರ್ಷಗಳು ಅಂತಲೇ ಈಗಲೂ ಹೇಳ್ತಾರೆ. ಆ ಪಕ್ಕದ ಮನೆಯವರು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡ್ತಾರೆ. ಹೋಗಬೇಡಿ ಅಂತ ನಾನು ಯಾರಿಗೂ ಹೇಳಲ್ಲ. ಇಬ್ಬರಲ್ಲಿ ಒಬ್ಬರು ಮೊದಲು ಹೋಗ್ತಾರೆ, ಉಳಿದವರ ಹೆಸರಿನಲ್ಲಿ ಏನಿದೆ ಅಂತ ಹೋಗೋ ಮೊದಲೇ ನೋಡಿಕೊಳ್ಳಿ ಅಂತ ಹೇಳ್ತೀನಿ.

ಪಿಂಗ್‌ ನದಿ ದಂಡೆ:
ಹಿರಿಮಗಳು ಬರೆದದ್ದು ಅಕ್ಷರಶಃ ನಿಜ. ನಮ್ಮದೂ ಎರಡು ಬೇರೆ ಅರ್ಜಿ, ನಮ್ಮನೆಯವರು ಹಟ ಹಿಡಿದು ಮಾಡಿಸಿದ್ದು.

ಆಸ್ಪತ್ರೆ ಬಗ್ಗೆ ಒಂದು ಮಾತು ಸೇರಿಸ್ತೀನಿ. ಖಾಸಗಿ ಆಸ್ಪತ್ರೆಗಳಲ್ಲಿ ಇಂಗ್ಲಿಷ್ ಬರುತ್ತೆ, ಬಿಲ್ಲೂ ಜೋರು. ಸುವಾನ್ ದೋಕ್ ಅಂತ ಕರೆಯೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಕಾಯೋದು ಜಾಸ್ತಿ, ವೈದ್ಯರು ಒಳ್ಳೆಯವರು. ನಿಮ್ಮ ಭಾರತದ ಮೆಡಿಕ್ಲೇಮ್ ಇಲ್ಲಿ ನಡೆಯುತ್ತೆ ಅಂತ ನಂಬಬೇಡಿ, ಆದರೆ ಅದನ್ನು ನಿಲ್ಲಿಸಲೂ ಬೇಡಿ. ವಾಪಸ್ ಬಂದ ದಿನ 70ರ ವಯಸ್ಸಲ್ಲಿ ಶುಗರ್ ಇರೋವರಿಗೆ ಹೊಸ ಪಾಲಿಸಿ ಯಾರು ಕೊಡ್ತಾರೆ? ಇಲ್ಲಿಯ ವಿಮೆಯಲ್ಲೂ ಮೊದಲೇ ಇರೋ ಕಾಯಿಲೆಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡ್ತಾರೆ. ಹಾಗಾಗಿ ವೀಸಾದ ದುಡ್ಡಲ್ಲದೆ ಆಸ್ಪತ್ರೆಗೆಂದೇ ಒಂದು ಮೊತ್ತ ತೆಗೆದಿಡಬೇಕು. ನಾವು ಒಂದು ಗೆರೆ ಎಳೆದುಕೊಂಡಿದ್ದೀವಿ: ಒಬ್ಬರಿಗೆ ದಿನಾ ಇನ್ನೊಬ್ಬರ ಸಹಾಯ ಬೇಕು ಅನ್ನೋ ಸ್ಥಿತಿ ಬಂದ ತಿಂಗಳೇ ಊರಿಗೆ. ಇಲ್ಲಿ ಸ್ವಿಸ್, ಜರ್ಮನ್ ಮರೆವಿನ ರೋಗಿಗಳನ್ನು ಅಕ್ಕರೆಯಿಂದ ನೋಡಿಕೊಳ್ಳೋ ಕೇಂದ್ರಗಳಿವೆ. ನಮ್ಮ ಅತ್ತೆ ಕೊನೆಗಾಲದಲ್ಲಿ ಇಂಗ್ಲಿಷು ಹಿಂದಿ ಎಲ್ಲಾ ಮರೆತು ಕನ್ನಡ ಒಂದೇ ಉಳಿಸಿಕೊಂಡಿದ್ದರು. ಬಾಯಾರಿಕೆ ಅಂದರೆ ತಿಳಿಯೋರು ಹತ್ತಿರ ಇರಬೇಕು.

ನವೆಂಬರ್‌ನ ಲೈಫ್ ಸರ್ಟಿಫಿಕೇಟ್‌ಗೆ ಊರಿಗೆ ಓಡಬೇಕಿಲ್ಲ, ಕಾನ್ಸುಲೇಟ್‌ನಲ್ಲಿ ಮಾಡಿಕೊಡ್ತಾರೆ.

ಸರಸ್ವತಿಪುರಂ:
ನಿಮ್ಮೆಲ್ಲರ ಮಾತನ್ನೂ ಯಜಮಾನರಿಗೆ ಓದಿ ಹೇಳಿದೆ. ಹಿರಿಮಗಳು, ನಿಮ್ಮ ಬರಹ ಓದುವಾಗ ಇಬ್ಬರೂ ಸುಮ್ಮನಾದೆವು. ಆಮೇಲೆ ಅವರೇ ಎದ್ದು ಹೋಗಿ ಬ್ಯಾಂಕ್ ಪಾಸ್‌ಬುಕ್, ಎಫ್‌ಡಿ ರಸೀದಿ ಎಲ್ಲಾ ತಂದು ಟೇಬಲ್ ಮೇಲಿಟ್ಟರು. ಮೈಸೂರಿನಲ್ಲಿ ಕೂಡ ಎಷ್ಟೋ ಖಾತೆಗಳಿಗೆ ನಾಮಿನಿಯೇ ಆಗಿಲ್ಲ. ಸೋಮವಾರದಿಂದ ಆ ಕೆಲಸ ಶುರು.

ಇಬ್ಬರಿಗೂ 8 ಲಕ್ಷದಂತೆ ಇಟ್ಟು, ಆಸ್ಪತ್ರೆಗೂ ಬೇರೆ ಎತ್ತಿಟ್ಟರೆ ನಮ್ಮ ಉಳಿತಾಯದ ಬಹುಪಾಲು ಅಲ್ಲೇ ಸೇರಿಹೋಗುತ್ತೆ. ಅಷ್ಟನ್ನೂ ಅಲ್ಲೇ ಕಟ್ಟಿಹಾಕೋ ಮನಸ್ಸಿಲ್ಲ. ಮನೆ ಮಾರಲ್ಲ, ನಿವೃತ್ತಿ ವೀಸಾನೂ ಬೇಡ. ನವೆಂಬರ್‌ನಿಂದ ಜನವರಿ ಮಧ್ಯದವರೆಗೆ ಟೂರಿಸ್ಟ್ ವೀಸಾದಲ್ಲಿ ಅಲ್ಲಿದ್ದು, ಉಳಿದ ಕಾಲ ಇಲ್ಲೇ. ಮೂರ್ನಾಲ್ಕು ಚಳಿಗಾಲ ಹೀಗೆ ಮಾಡೋಣ ಅಂತ ಅವರೂ ಒಪ್ಪಿದ್ದಾರೆ. ಮಾಸ್ತರೇ, ಮನೆಗೆ ಬೀಗ ಎರಡೂವರೆ ತಿಂಗಳು ಮಾತ್ರ!

ಪಿಂಗ್‌ ಅವರೇ, ಕೊನೆಯದಾಗಿ ಒಂದು. ಅವರ ಇನ್ಸುಲಿನ್ ಅಷ್ಟು ದಿನಕ್ಕೆ ಇಲ್ಲಿಂದಲೇ ತರಬಹುದಾ?

ಪಿಂಗ್‌ ನದಿ ದಂಡೆ:
ತರಬಹುದು ಮೇಡಂ. ಡಾಕ್ಟರ್ ಚೀಟಿ ಇಂಗ್ಲಿಷ್‌ನಲ್ಲಿರಲಿ, ಔಷಧಿಯ ರಾಸಾಯನಿಕ ಹೆಸರು ಬರೆಸಿರಿ, ಕಂಪನಿ ಹೆಸರು ಇಲ್ಲಿ ಬೇರೆ ಇರುತ್ತೆ. ಅಂಗಡಿಯ ಲೇಬಲ್ ಕೀಳಬೇಡಿ. ಕೈಚೀಲದಲ್ಲೇ ಇಟ್ಟುಕೊಳ್ಳಿ, ಚೆಕ್-ಇನ್ ಲಗೇಜಿಗೆ ಹಾಕಿದರೆ ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ ಹಾಳಾಗಬಹುದು. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯ ಹಾರಾಟ, ಅಲ್ಲಿ ಇನ್ನೊಂದು ವಿಮಾನಕ್ಕೆ ಕಾಯೋ ಹೊತ್ತು ಸೇರಿಸಿ, ಐಸ್ ಪ್ಯಾಕ್ ಇರೋ ಸಣ್ಣ ಪೌಚ್ ಸಾಕು. ಫ್ಲ್ಯಾಟ್ ಬುಕ್ ಮಾಡುವಾಗ ಲಿಫ್ಟ್ ಇದೆಯಾ ಕೇಳಿ, ನಿಮ್ಮ ಮಂಡಿಗೆ. ನವೆಂಬರ್‌ನಲ್ಲಿ ಲೋಯ್ ಕ್ರಾಥೋಂಗ್ ಹಬ್ಬದ ವಾರ ಬಾಡಿಗೆ ಏರುತ್ತೆ, ಅದು ಮುಗಿದ ಮೇಲಿನ ತಾರೀಖು ನೋಡಿ.